ಸುಮ್ಮನಿರಲು ಕಲಿತ ಕೈ

ರಾಗಿಮುದ್ದೆಯನ್ನು ಚಮಚದಲ್ಲಿ ತಿನ್ನೋಕೆ ಆಗಲ್ಲ. ಎಡಗೈಯಲ್ಲಿ ತಿನ್ನಬಹುದು, ಆದರೆ ನಮ್ಮೂರಲ್ಲಿ ಅರವತ್ತೈದು ವರ್ಷ ಬದುಕಿದ ಗಂಡಸು ನಾಲ್ಕು ಜನರ ಎದುರು ಎಡಗೈಯನ್ನು ತಟ್ಟೆಗೆ ಹಾಕುವುದಿಲ್ಲ. ಈ ಎರಡು ಸಣ್ಣ ಸತ್ಯಗಳ ನಡುವೆ ನಮ್ಮಪ್ಪ ಎಂಟು ತಿಂಗಳು ಸಿಕ್ಕಿಹಾಕಿಕೊಂಡಿದ್ದರು.

ಮೂರು ವರ್ಷದ ಹಿಂದೆ ಒಂದು ಬೆಳಗ್ಗೆ ಹಸು ಕರೆಯೋಕೆ ಕೂತಿದ್ದಾಗ ಅವರ ಕೈಯಿಂದ ಚೊಂಬು ಜಾರಿತು. ಹಾಲೆಲ್ಲ ಕೊಟ್ಟಿಗೆಯ ನೆಲದ ಪಾಲು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲ, ಬಲಗಾಲೂ ಕೇಳಲಿಲ್ಲ. ಊರವರು ಲಕ್ವ ಹೊಡೆದಿದೆ ಅಂದರು, ಆಸ್ಪತ್ರೆಯವರು ಸ್ಟ್ರೋಕ್ ಅಂದರು. ಹನ್ನೊಂದು ದಿನ ಇದ್ದು ಮನೆಗೆ ಬಂದೆವು. ತೊದಲುತ್ತಿದ್ದ ಮಾತು ಬೇಗ ಸರಿಹೋಯಿತು. ಎರಡು ತಿಂಗಳಲ್ಲಿ ಕೋಲು ಹಿಡಿದು ತೋಟದವರೆಗೆ ನಡೆಯೋಕೆ ಶುರು ಮಾಡಿದರು. ಬಲಗೈ ಮಾತ್ರ ಮಡಿಲಲ್ಲಿ ಮಲಗಿದ್ದು ಮಲಗಿಯೇ ಇತ್ತು.

ನಾವು ಸುಮ್ಮನೆ ಕೂರಲಿಲ್ಲ. ಅಮ್ಮ ಮುದ್ದೆ ಬಿಟ್ಟು ಮೂರು ಹೊತ್ತೂ ಅನ್ನ ಮಾಡಿದರು. ಚಮಚದಲ್ಲಿ ತಾವೇ ತಿನ್ನಿಸುತ್ತಿದ್ದರು. ಅಂಗಿಯ ಗುಂಡಿ ಅಮ್ಮ ಹಾಕುತ್ತಿದ್ದರು, ವೀಳ್ಯದೆಲೆಗೆ ಸುಣ್ಣ ಅಕ್ಕ ಹಚ್ಚಿಕೊಡುತ್ತಿದ್ದಳು. ನಾನು ಬೆಂಗಳೂರಿನಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಏನಾದರೂ ಒಂದು ತಗೊಂಡು ಹೋಗುತ್ತಿದ್ದೆ. ಗುಂಡಿ ಬದಲು ಅಂಟುಪಟ್ಟಿ ಇರುವ ಅಂಗಿ, ಲೇಸಿಲ್ಲದ ಶೂ, ಎಡಗೈಯಲ್ಲಿ ಒತ್ತೋಕೆ ಸುಲಭವಾದ ದೊಡ್ಡ ಬಟನ್ನಿನ ಫೋನು. ಹಾಲು ಕರೆಯೋಕೆ ಒಬ್ಬನನ್ನು ಗೊತ್ತು ಮಾಡಿದೆ. ನಾನು ಎಂಜಿನಿಯರ್ ನೋಡಿ, ಸಮಸ್ಯೆ ಕಂಡ ತಕ್ಷಣ ವರ್ಕ್‌ಅರೌಂಡ್ ಹುಡುಕೋದು ಕೈಗೆ ಅಂಟಿದ ಚಟ. ಅಪ್ಪನ ಬಲಗೈ ಇಲ್ಲದೆಯೇ ಅಪ್ಪನ ದಿನ ನಡೆಯುವಂತೆ ಮಾಡಿಟ್ಟೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಎಂಟನೇ ತಿಂಗಳಲ್ಲಿ ತಾಲೂಕು ಕೇಂದ್ರಕ್ಕೆ ಒಬ್ಬ ಹುಡುಗಿ ಫಿಸಿಯೋಥೆರಪಿಸ್ಟ್ ಬಂದಿದ್ದಾಳೆ ಅಂತ ಯಾರೋ ಹೇಳಿದರು. ಮನೆಗೇ ಬಂದಳು. ಅಪ್ಪನ ಕೈ ಹಿಡಿದು ಹತ್ತು ನಿಮಿಷ ಅದೂ ಇದೂ ಮಾಡಿಸಿದಳು. "ಯಜಮಾನ್ರೇ, ಮಣಿಕಟ್ಟು ಮೇಲಕ್ಕೆತ್ತಿ. ಬೆರಳು ಬಿಚ್ಚಿ ನೋಡೋಣ." ಅಪ್ಪ ಹಲ್ಲು ಕಚ್ಚಿ ಎತ್ತಿದರು. ಮಣಿಕಟ್ಟು ಎದ್ದಿತು. ಬೆರಳುಗಳು ಅರ್ಧ ಬಿಚ್ಚಿಕೊಂಡವು. ನಾವು ಮೂರೂ ಜನ ಬಾಯಿ ಬಿಟ್ಟು ನೋಡಿದೆವು.

"ಇಷ್ಟು ಆಡೋ ಕೈನ ಯಾಕೆ ಮಲಗಿಸಿಟ್ಟಿದೀರ?" ಅಂದಳು.

ಅಮ್ಮನಿಗೆ ಸ್ವಲ್ಪ ಬೇಜಾರೇ ಆಯಿತು. "ಪಾಪ ಕೈಲಾಗಲ್ಲ ಅಂತ ಎಲ್ಲಾ ನಾವೇ ಮಾಡ್ಕೊಡ್ತೀವಿ ಕಣವ್ವ. ಒಂದು ಲೋಟ ಎತ್ತೋಕೂ ಬಿಟ್ಟಿಲ್ಲ."

"ಅದೇ ತೊಂದ್ರೆ ಅಮ್ಮಾ," ಅಂದಳು ಆ ಹುಡುಗಿ.

ಅವತ್ತು ರಾತ್ರಿ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಪ್ರೀತಿಯಿಂದ ಮಾಡಿದ್ದು ತೊಂದರೆ ಹೇಗಾಗುತ್ತೆ? ಹುಡುಕುತ್ತಾ ಹೋದೆ. ಒಂದು ಪೇಪರ್ ಇನ್ನೊಂದಕ್ಕೆ ಕರೆದುಕೊಂಡು ಹೋಯಿತು, ಅದು ಮತ್ತೊಂದಕ್ಕೆ. ಕೊನೆಗೆ ನಿಂತಿದ್ದು 1895ರ ಇಂಗ್ಲೆಂಡಿನಲ್ಲಿ, ಒಂದು ಕೋತಿಯ ಮುಂದೆ.

ಆ ಕೋತಿಯ ಕಥೆಗೆ ಹೋಗುವ ಮುನ್ನ ನರಗಳ ಬಗ್ಗೆ ಒಂದು ಮಾತು. ಕೈಯಿಂದ ಬೆನ್ನುಹುರಿಗೆ ಹೋಗುವ ನರ ಹುರಿ ಸೇರುವ ಜಾಗದಲ್ಲಿ ಎರಡು ಕವಲಾಗುತ್ತದೆ. ಹಿಂದಿನ ಕವಲು ಸ್ಪರ್ಶ, ನೋವು, ಕೈ ಎಲ್ಲಿದೆ ಅನ್ನುವ ಸುದ್ದಿಯನ್ನೆಲ್ಲ ಒಳಗೆ ಒಯ್ಯುತ್ತದೆ. ಮುಂದಿನ ಕವಲು ಸ್ನಾಯುಗಳಿಗೆ ಹೊರಗೆ ಆಜ್ಞೆ ಕಳಿಸುತ್ತದೆ. ನಮ್ಮ ಭಾಷೆಯಲ್ಲಿ ಹೇಳಿದರೆ ಒಂದು ಇನ್‌ಪುಟ್, ಇನ್ನೊಂದು ಔಟ್‌ಪುಟ್.

ಫ್ರೆಡರಿಕ್ ಮಾಟ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಎಂಬ ಇಬ್ಬರು ಕೋತಿಯ ಒಂದು ಕೈಯ ಇನ್‌ಪುಟ್ ಕವಲುಗಳನ್ನು ಮಾತ್ರ ಕತ್ತರಿಸಿದರು. ಔಟ್‌ಪುಟ್ ಹಾಗೇ ಇತ್ತು, ಸ್ನಾಯುಗಳಿಗೆ ಏನೂ ಆಗಿರಲಿಲ್ಲ. ಆದರೂ ಕೋತಿ ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಹಣ್ಣು ಕೊಟ್ಟರೆ ಇನ್ನೊಂದು ಕೈಯಲ್ಲಿ ತಗೊಂಡಿತು. ಇಬ್ಬರೂ 1895ರಲ್ಲಿ ಇದನ್ನು ಪ್ರಕಟಿಸಿದರು. ಸ್ಪರ್ಶವಿಲ್ಲದಿದ್ದರೆ ಬೇಕೆಂದು ಮಾಡುವ ಚಲನೆ ಇಲ್ಲ ಅನ್ನುವುದು ಅವರ ತೀರ್ಮಾನ. ಶೆರಿಂಗ್ಟನ್ ಮುಂದೆ ನರವಿಜ್ಞಾನದ ದೊಡ್ಡ ಹೆಸರಾದರು, 1932ರಲ್ಲಿ ನೊಬೆಲ್ ಬಂತು. ಅಂಥವರು ಹೇಳಿದ ಮೇಲೆ ಕೇಳುವವರು ಯಾರು? ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಮಾತು ಪಠ್ಯಪುಸ್ತಕದಲ್ಲಿ ಭದ್ರವಾಗಿ ಕೂತಿತ್ತು.

ಆಫೀಸಿನಲ್ಲಿ ನಾವು ಎಷ್ಟು ಸಲ ಹೀಗೆ ಮಾಡಿಲ್ಲ ಹೇಳಿ. ಸರ್ವರ್ ಉತ್ತರಿಸುತ್ತಿಲ್ಲ, ಆದ್ದರಿಂದ ಸರ್ವರ್ ಸತ್ತಿದೆ. ಅದಕ್ಕೆ ಯಾರೂ ಪ್ರಶ್ನೆಯನ್ನೇ ಕಳಿಸುತ್ತಿಲ್ಲ ಅನ್ನುವ ಸಾಧ್ಯತೆ ತಲೆಗೆ ಹೊಳೆಯೋದು ಮಧ್ಯರಾತ್ರಿ ಎರಡು ಗಂಟೆಗೆ.

ಆ ಸಾಧ್ಯತೆಯನ್ನು ಹಿಡಿದವರು ಎಡ್ವರ್ಡ್ ಟಾಬ್. 1931ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ವೈದ್ಯರಲ್ಲ, ಫಿಸಿಯೋಥೆರಪಿಸ್ಟೂ ಅಲ್ಲ, ಮನಶ್ಶಾಸ್ತ್ರಜ್ಞ. ಪ್ರಾಣಿಗಳು ಹೇಗೆ ಕಲಿಯುತ್ತವೆ ಅನ್ನುವುದು ಅವರ ಆಸಕ್ತಿ. ಎ. ಜೆ. ಬರ್ಮನ್ ಎಂಬ ನರಶಸ್ತ್ರಚಿಕಿತ್ಸಕರ ಜೊತೆ ಸೇರಿ ಅದೇ ಹಳೆಯ ಪ್ರಯೋಗವನ್ನು ಮತ್ತೆ ಕೈಗೆತ್ತಿಕೊಂಡರು. ಒಂದು ಕೈಯ ಸ್ಪರ್ಶ ಹೋದ ಕೋತಿ ಆ ಕೈ ಬಳಸಲ್ಲ, ಸರಿ. ಅದರ ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಏನಾಗುತ್ತೆ?

ಕೋತಿ ಕೆಟ್ಟ ಕೈ ಚಾಚಿ ಆಹಾರ ತಗೊಂಡಿತು.

ಎರಡೂ ಕೈಗಳ ಸ್ಪರ್ಶದ ನರ ಕತ್ತರಿಸಿದರೆ? ಹಾಗಾದರೆ ಇನ್ನೂ ಪರಿಸ್ಥಿತಿ ಕೆಡಬೇಕಲ್ಲ? ಇಲ್ಲ, ಆ ಕೋತಿಗಳು ಎರಡೂ ಕೈ ಬಳಸಿದವು. ಚಲನೆ ಒರಟಾಗಿತ್ತು, ಆದರೆ ಬಳಸಿದವು. ಆಸರೆಗೆ ಒಳ್ಳೆಯ ಕೈ ಇಲ್ಲದ್ದರಿಂದ ಬಳಸಲೇಬೇಕಿತ್ತು. ಶೆರಿಂಗ್ಟನ್ ಕೋತಿಯ ಕೈಗೆ ಶಕ್ತಿ ಇರಲಿಲ್ಲ ಅನ್ನುವುದು ತಪ್ಪು. ಆ ಕೈಯನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ, ಅಷ್ಟೇ.

ಹಾಗಾದರೆ ಯಾಕೆ ಬಳಸುವುದನ್ನು ಬಿಟ್ಟಿತು? ಟಾಬ್ ಕೊಟ್ಟ ಉತ್ತರ ಓದುವಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಶಸ್ತ್ರಚಿಕಿತ್ಸೆ ಆದ ಹೊಸತರಲ್ಲಿ ಬೆನ್ನುಹುರಿಗೆ ಒಂದು ಆಘಾತ ಆಗುತ್ತದೆ. ಕೆಲವು ಕಾಲ ಆ ಕೈ ನಿಜವಾಗಿಯೂ ಆಡುವುದಿಲ್ಲ. ಕೋತಿ ಪ್ರಯತ್ನ ಮಾಡುತ್ತದೆ. ಹಣ್ಣು ಬಿದ್ದುಹೋಗುತ್ತದೆ, ತಾನೇ ಮುಗ್ಗರಿಸುತ್ತದೆ. ಇನ್ನೊಂದು ಕೈಯಲ್ಲಿ ಮಾಡಿದರೆ ಸಲೀಸಾಗಿ ಆಗುತ್ತದೆ. ಪ್ರಯತ್ನಕ್ಕೆ ಶಿಕ್ಷೆ, ಪ್ರಯತ್ನ ಬಿಟ್ಟಿದ್ದಕ್ಕೆ ಬಹುಮಾನ. ಇದು ದಿನಕ್ಕೆ ನೂರಾರು ಸಲ ನಡೆದರೆ ಯಾವ ಪ್ರಾಣಿಯಾದರೂ ಪಾಠ ಕಲಿಯುತ್ತದೆ. ತಿಂಗಳುಗಳ ನಂತರ ಆಘಾತ ಇಳಿದು ಕೈಗೆ ಶಕ್ತಿ ಮರಳಿದಾಗ ಕೋತಿಗೆ ಅದು ಗೊತ್ತೇ ಆಗುವುದಿಲ್ಲ. ಯಾಕೆಂದರೆ ಅದು ಪ್ರಯತ್ನಿಸುವುದನ್ನೇ ಬಿಟ್ಟಿರುತ್ತದೆ. ಟಾಬ್ ಇದನ್ನು ಕಲಿತ ನಿರ್ಬಳಕೆ ಎಂಬರ್ಥದ ಹೆಸರಿನಿಂದ ಕರೆದರು. ಬಳಸದಿರುವುದನ್ನೂ ದೇಹ ಒಂದು ವಿದ್ಯೆಯಂತೆ ಕಲಿಯುತ್ತದೆ.

ಈ ಊಹೆಯನ್ನು ಅವರು ಪರೀಕ್ಷೆಗೂ ಒಡ್ಡಿದರು. ಶಸ್ತ್ರಚಿಕಿತ್ಸೆ ಆದ ಕೂಡಲೇ, ಆಘಾತ ಇಳಿಯುವ ತನಕ, ಆ ಕೈಯನ್ನು ಆಡಿಸೋಕೆ ಆಗದಂತೆ ಕಟ್ಟಿಟ್ಟರು. ಪ್ರಯತ್ನ ಮಾಡಿ ಸೋಲುವ ಅವಕಾಶವೇ ಇಲ್ಲ. ಬಿಚ್ಚಿದ ಮೇಲೆ ಕೋತಿ ಕೈ ಬಳಸಿತು. ಸೋಲನ್ನು ಕಲಿಯದ ಕೈ ಸುಮ್ಮನಿರುವುದನ್ನೂ ಕಲಿಯಲಿಲ್ಲ.

ಒಳ್ಳೆಯ ಕೈಯನ್ನು ಒಂದು ದಿನ ಕಟ್ಟಿ ಬಿಚ್ಚಿದರೆ ಕೋತಿ ಹಳೆಯ ಅಭ್ಯಾಸಕ್ಕೇ ಮರಳುತ್ತಿತ್ತು. ಒಂದೆರಡು ವಾರ ಕಟ್ಟಿದರೆ ಬದಲಾವಣೆ ಉಳಿಯುತ್ತಿತ್ತು. 1980ರಲ್ಲಿ ಟಾಬ್ ಬರೆದರು: ಸ್ಟ್ರೋಕ್ ಆದ ಮನುಷ್ಯರಲ್ಲೂ ಇದೇ ನಡೆಯುತ್ತಿರಬಹುದು, ಇದೇ ದಾರಿಯಲ್ಲಿ ಅದನ್ನು ಬಿಡಿಸಲೂಬಹುದು.

ಪ್ರೊಡಕ್ಷನ್‌ನಲ್ಲಿ ಟೆಂಪರರಿ ಅಂತ ಹಾಕಿದ ಫಿಕ್ಸ್ ಐದು ವರ್ಷ ಓಡುತ್ತಾ ಇರುತ್ತಲ್ಲ, ಮೂಲ ತೊಂದರೆ ಯಾವತ್ತೋ ಸರಿಯಾಗಿದ್ದರೂ ಯಾರೂ ವಾಪಸ್ ಹೋಗಿ ನೋಡಿರಲ್ಲವಲ್ಲ, ಅಪ್ಪನ ಮನೆಯಲ್ಲಿ ಆಗಿದ್ದೂ ಅದೇ. ಅಂಟುಪಟ್ಟಿ ಅಂಗಿ, ಅನ್ನದ ಚಮಚ, ಹಾಲು ಕರೆಯುವ ಆಳು, ಎಲ್ಲವೂ ಮೊದಲ ಎರಡು ತಿಂಗಳಿಗೆ ಬೇಕಿದ್ದವು. ಮೂರನೇ ತಿಂಗಳಲ್ಲಿ ಕೈ ಎಚ್ಚರವಾಗಿರಬಹುದು. ಎಚ್ಚರವಾದ ಕೈ ನೋಡಿದರೆ ಮಾಡೋಕೆ ಏನೂ ಕೆಲಸ ಇರಲಿಲ್ಲ. ಅಷ್ಟು ಚೆನ್ನಾಗಿ ನಾನು ಎಲ್ಲ ಏರ್ಪಾಟು ಮಾಡಿಟ್ಟಿದ್ದೆ.

ಇಲ್ಲಿಗೆ ಕಥೆ ಸುಖವಾಗಿ ಮುಂದುವರಿಯಬೇಕಿತ್ತು. ಹಾಗಾಗಲಿಲ್ಲ.

ಟಾಬ್ ಅಷ್ಟರಲ್ಲಿ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್ ಊರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದರು. ಅಲ್ಲಿ 17 ಕೋತಿಗಳಿದ್ದವು. 1981ರ ಬೇಸಿಗೆಯಲ್ಲಿ ಅಲೆಕ್ಸ್ ಪಚೆಕೊ ಎಂಬ ಯುವಕ ಸ್ವಯಂಸೇವಕನಾಗಿ ಸೇರಿದ. ಹಿಂದಿನ ವರ್ಷವಷ್ಟೇ ಪೆಟಾ ಎಂಬ ಪ್ರಾಣಿದಯಾ ಸಂಘಟನೆಯನ್ನು ಕಟ್ಟಿದವರಲ್ಲಿ ಅವನೂ ಒಬ್ಬ ಅನ್ನುವುದು ಪ್ರಯೋಗಾಲಯದವರಿಗೆ ಗೊತ್ತಿರಲಿಲ್ಲ. ರಾತ್ರಿ ಹೊತ್ತು ಫೋಟೋ ತೆಗೆದ. ಕೊಳಕು ಪಂಜರಗಳು, ಸ್ಪರ್ಶವಿಲ್ಲದ ಕೈಯ ಬೆರಳುಗಳನ್ನು ತಾವೇ ಕಚ್ಚಿಕೊಂಡಿದ್ದ ಕೋತಿಗಳು, ಕುರ್ಚಿಗೆ ಕಟ್ಟಿದ ಒಂದು ಕೋತಿ. ಸೆಪ್ಟೆಂಬರಿನಲ್ಲಿ ಪೊಲೀಸರು ದಾಳಿ ಮಾಡಿ ಎಲ್ಲ ಕೋತಿಗಳನ್ನೂ ಒಯ್ದರು.

ಮೊದಲ ವಿಚಾರಣೆಯಲ್ಲಿ ಆರು ಕೋತಿಗಳಿಗೆ ಸರಿಯಾದ ಪಶುವೈದ್ಯ ಆರೈಕೆ ಕೊಡಲಿಲ್ಲ ಅನ್ನುವ ಆರೋಪ ಸಾಬೀತಾಯಿತು, ಉಳಿದವು ಬಿದ್ದುಹೋದವು. ಎರಡನೇ ವಿಚಾರಣೆಯಲ್ಲಿ ಒಂದು ಕೋತಿಯ ಆರೋಪವಷ್ಟೇ ಉಳಿಯಿತು. 1983ರಲ್ಲಿ ಮೇಲಿನ ನ್ಯಾಯಾಲಯ ಅದನ್ನೂ ರದ್ದು ಮಾಡಿತು. ಟಾಬ್ ತಪ್ಪಿಲ್ಲ ಅಂತ ಅಲ್ಲ, ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಸಂಶೋಧನೆಗೆ ಆ ರಾಜ್ಯದ ಕಾನೂನು ಅನ್ವಯಿಸುವುದಿಲ್ಲ ಅಂತ. ಅಷ್ಟರಲ್ಲಿ ಅನುದಾನ ನಿಂತಿತ್ತು, ಪ್ರಯೋಗಾಲಯ ಹೋಗಿತ್ತು. 1985ರಲ್ಲಿ ಅಮೆರಿಕ ಪ್ರಯೋಗಾಲಯದ ಪ್ರಾಣಿಗಳ ಕಾನೂನನ್ನು ಬಿಗಿ ಮಾಡಿತು. ಅದಕ್ಕೆ ಈ ಕೋತಿಗಳ ಫೋಟೋಗಳೂ ಒಂದು ದೊಡ್ಡ ಕಾರಣ.

ಈ ಭಾಗ ಓದುವಾಗ ನನಗೆ ಯಾರ ಪಕ್ಷ ವಹಿಸಬೇಕು ಅಂತ ಗೊತ್ತಾಗಲಿಲ್ಲ. ನಮ್ಮೂರಲ್ಲಿ ಕೋತಿ ಸತ್ತರೆ ಮೆರವಣಿಗೆ ಮಾಡಿ, ಹೂವು ಹಾಕಿ ಮಣ್ಣು ಮಾಡುತ್ತಾರೆ. ಅದೇ ಊರಲ್ಲಿ ತೋಟಕ್ಕೆ ನುಗ್ಗಿದ ಕೋತಿಗೆ ಕಲ್ಲೂ ಹೊಡೆಯುತ್ತಾರೆ. ಎರಡನ್ನೂ ನಾನೂ ಮಾಡಿದ್ದೇನೆ. ಆ ಪಂಜರಗಳ ಫೋಟೋ ನೋಡಿದರೆ ಹೊಟ್ಟೆ ತೊಳಸುತ್ತದೆ. ಅದೇ ಪಂಜರದಿಂದ ಬಂದ ತಿಳಿವಳಿಕೆ ನಮ್ಮಪ್ಪನ ಕೈಗೆ ಬೇಕು ಅಂತ ಆ ರಾತ್ರಿ ಹುಡುಕುತ್ತಾ ಕೂತವನೂ ನಾನೇ.

ಟಾಬ್ ಕೈಕಟ್ಟಿ ಕೂತಿದ್ದಾಗ ಕೆಲಸ ಪೂರ್ತಿ ನಿಲ್ಲಲಿಲ್ಲ. ಜಾರ್ಜಿಯಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ವುಲ್ಫ್ ಎಂಬ ಫಿಸಿಯೋಥೆರಪಿ ಸಂಶೋಧಕ ಇದ್ದರು. 1981ರಲ್ಲೇ, ಆ ದಾಳಿ ನಡೆದ ವರ್ಷವೇ, ಅವರೂ ಅವರ ಸಹೋದ್ಯೋಗಿ ಒಸ್ಟೆಂಡಾರ್ಫ್ ಅವರೂ ಸ್ಟ್ರೋಕ್ ಆದ ಒಬ್ಬರ ಒಳ್ಳೆಯ ಕೈಯನ್ನು ಕಟ್ಟಿ, ಕೆಟ್ಟ ಕೈಯನ್ನು ಬಳಸಲೇಬೇಕಾದಂತೆ ಮಾಡಿ ಫಲಿತಾಂಶ ಪ್ರಕಟಿಸಿದರು. ಒಬ್ಬೇ ಒಬ್ಬ ರೋಗಿ. 1989ರಲ್ಲಿ ಇನ್ನಷ್ಟು ಜನರ ಮೇಲೆ ಎರಡು ವಾರ ಇದನ್ನೇ ಮಾಡಿ ತೋರಿಸಿದರು. ಕೋತಿಯಿಂದ ಮನುಷ್ಯನಿಗೆ ಸೇತುವೆ ಬಿದ್ದಿದ್ದು ಹೀಗೆ, ಒಂದೊಂದೇ ಕಲ್ಲಿಟ್ಟು.

ಟಾಬ್ ಅವರಿಗೆ ಕೊನೆಗೆ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕೇಂದ್ರದಲ್ಲಿ ಕೆಲಸ ಸಿಕ್ಕಿತು. 1993ರಲ್ಲಿ ಅವರ ತಂಡದ ಒಂದು ಪುಟ್ಟ ಅಧ್ಯಯನ ಬಂತು. 9 ಜನ, ಎಲ್ಲರಿಗೂ ಸ್ಟ್ರೋಕ್ ಆಗಿ ವರ್ಷ ದಾಟಿತ್ತು. ಆ ಕಾಲಕ್ಕೆ ವರ್ಷ ದಾಟಿದರೆ ಮುಗೀತು, ಇನ್ನು ಬರೋದಿಲ್ಲ ಅನ್ನುವುದೇ ಎಲ್ಲರ ನಂಬಿಕೆ. 4 ಜನರ ಒಳ್ಳೆಯ ಕೈಯನ್ನು ಎರಡು ವಾರ, ಎಚ್ಚರ ಇರುವ ಹೊತ್ತಿನ ಶೇ. 90ರಷ್ಟು ಕಟ್ಟಿಟ್ಟರು. ವಾರದ ದಿನಗಳಲ್ಲಿ ದಿನಕ್ಕೆ 6 ಗಂಟೆ ಕೆಟ್ಟ ಕೈಗೆ ಕೆಲಸ ಕೊಟ್ಟರು. ಉಳಿದ 5 ಜನರಿಗೆ ಕೈ ಬಳಸಿ ಅಂತ ಹುರಿದುಂಬಿಸಿದರು, ಕಟ್ಟಲಿಲ್ಲ. ಕಟ್ಟಿದವರ ಕೈ ಚೆನ್ನಾಗಿ ಸುಧಾರಿಸಿತು. ಎರಡು ವರ್ಷದ ನಂತರ ನೋಡಿದಾಗಲೂ ಸುಧಾರಣೆ ಉಳಿದಿತ್ತು.

ಇದು ಬರೀ ಕಟ್ಟಿಹಾಕುವ ಚಿಕಿತ್ಸೆ ಅಲ್ಲ. ಅದರ ಜೊತೆ ಇನ್ನೆರಡು ಇವೆ. ಒಂದು, ಕೆಲಸವನ್ನು ಸಣ್ಣಸಣ್ಣ ಮೆಟ್ಟಿಲು ಮಾಡಿ, ಪ್ರತಿ ಮೆಟ್ಟಿಲಿಗೂ ಶಹಬ್ಬಾಸ್ ಹೇಳುತ್ತಾ ಹತ್ತಿಸುವುದು. ಸೋಲಿಗೆ ಶಿಕ್ಷೆ ಸಿಕ್ಕಿ ಕಲಿತದ್ದನ್ನು ಗೆಲುವಿಗೆ ಬಹುಮಾನ ಕೊಟ್ಟು ಅಳಿಸುವುದು. ಎರಡು, ಒಪ್ಪಂದ ಪತ್ರ. ಮನೆಯಲ್ಲಿ ಯಾವ ಕೆಲಸವನ್ನು ಯಾವ ಕೈಯಲ್ಲಿ ಮಾಡುತ್ತೇನೆ ಅಂತ ರೋಗಿ ಬರೆದು ಸಹಿ ಹಾಕಬೇಕು. ಮನೆಯವರೂ ಅದಕ್ಕೆ ಬದ್ಧರಾಗಿರಬೇಕು. ಬಿದ್ದುಹೋಗುವ ಭಯ ಇರುವಲ್ಲಿ, ನೀರಿನ ಕೆಲಸದಲ್ಲಿ ಕಟ್ಟು ಬಿಚ್ಚಲು ಅನುಮತಿ ಇದೆ.

ಈ ನಡುವೆ ಆ ಕೋತಿಗಳಿಂದ ಇನ್ನೊಂದು ಸುದ್ದಿ ಬಂತು. ಹತ್ತು ವರ್ಷ ಕೋರ್ಟಿಗೂ ಪಂಜರಕ್ಕೂ ಅಲೆದ ಅವುಗಳಲ್ಲಿ ಕೆಲವಕ್ಕೆ ದಯಾಮರಣ ಕೊಡಲು ತೀರ್ಮಾನವಾದಾಗ, ಅದಕ್ಕೆ ಮುಂಚೆ ಅರಿವಳಿಕೆ ಕೊಟ್ಟು ಮಿದುಳನ್ನು ಪರೀಕ್ಷಿಸಿದರು. ಟಿಮ್ ಪಾನ್ಸ್ ಮತ್ತು ಸಂಗಡಿಗರ ವರದಿ 1991ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಮಿದುಳಿನಲ್ಲಿ ಕೈಗೆ ಮೀಸಲಾದ ಜಾಗ ಹನ್ನೆರಡು ವರ್ಷ ಸುದ್ದಿಯಿಲ್ಲದೆ ಖಾಲಿ ಬಿದ್ದಿರಲಿಲ್ಲ. ಪಕ್ಕದ ಮುಖದ ಭಾಗ ಬಂದು ಅದನ್ನು ಪೂರ್ತಿ ಆಕ್ರಮಿಸಿತ್ತು. ಕೋತಿಯ ಮುಖ ಮುಟ್ಟಿದರೆ ಕೈಯ ಜಾಗದಲ್ಲಿ ಸಂಕೇತ ಏಳುತ್ತಿತ್ತು. ಬೆಳೆದ ಪ್ರಾಣಿಯ ಮಿದುಳು ಒಂದೆರಡು ಮಿಲಿಮೀಟರ್ ಬದಲಾದರೆ ಹೆಚ್ಚು ಅಂದುಕೊಂಡಿದ್ದರು, ಇಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ಬದಲಾಗಿತ್ತು. ಹಳ್ಳಿಯವರಿಗೆ ಇದನ್ನು ವಿವರಿಸೋದು ಕಷ್ಟ ಇಲ್ಲ. ಉಳದೆ ಬಿಟ್ಟ ಹೊಲದ ಬದುವನ್ನು ಪಕ್ಕದವನು ವರ್ಷಕ್ಕೊಂದು ಗೇಣು ಒತ್ತುವರಿ ಮಾಡುತ್ತಾನೆ. ಹೊಲ ನಿಮ್ಮದೇ, ಆದರೆ ಉಳುವವನು ಅವನು.

ಕೊನೆಗೆ ದೊಡ್ಡ ಪರೀಕ್ಷೆ ನಡೆಯಿತು. ವುಲ್ಫ್ ನೇತೃತ್ವ, ಟಾಬ್ ಕೂಡ ಜೊತೆಗೆ. ಅಮೆರಿಕದ 7 ಕೇಂದ್ರಗಳು, 222 ಜನ, ಎಲ್ಲರಿಗೂ ಸ್ಟ್ರೋಕ್ ಆಗಿ 3ರಿಂದ 9 ತಿಂಗಳು. 106 ಜನರಿಗೆ ಎರಡು ವಾರ ಈ ಚಿಕಿತ್ಸೆ, 116 ಜನರಿಗೆ ಮಾಮೂಲಿ ಆರೈಕೆ. ಅಳೆದಿದ್ದು ದೊಡ್ಡದೇನಲ್ಲ. ಪೆನ್ಸಿಲ್ ಎತ್ತೋದು, ಡಬ್ಬಿ ಎತ್ತೋದು, ಬೀಗದಲ್ಲಿ ಕೀಲಿ ತಿರುಗಿಸೋದು, ಟವೆಲ್ ಮಡಿಚೋದು, ಇಂಥವಕ್ಕೆ ಎಷ್ಟು ಸೆಕೆಂಡ್ ಬೇಕು ಅಂತ. ಒಂದು ವರ್ಷದ ಕೊನೆಗೆ ಚಿಕಿತ್ಸೆ ಪಡೆದವರ ಸರಾಸರಿ 19.3 ಸೆಕೆಂಡಿನಿಂದ 9.3ಕ್ಕೆ ಇಳಿದಿತ್ತು. ಉಳಿದವರದು 24.0ರಿಂದ 17.7ಕ್ಕೆ. 2006ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮಾಟ್ ಮತ್ತು ಶೆರಿಂಗ್ಟನ್ ಬರೆದು 111 ವರ್ಷ ಆಗಿತ್ತು.

ಇಷ್ಟು ಓದಿದವನಿಗೆ ನಿದ್ದೆ ಎಲ್ಲಿ ಬರುತ್ತೆ? ಬೆಳಗ್ಗೆಯೇ ಆ ಹುಡುಗಿಗೆ ಫೋನ್ ಮಾಡಿ, ದಿನಕ್ಕೆ ಆರು ಗಂಟೆ ಮಾಡಿಸೋಣ, ದುಡ್ಡು ಎಷ್ಟಾದರೂ ಆಗಲಿ ಅಂದೆ. ಅವಳು ನಕ್ಕಳು. "ಸಾರ್, ಪೂರ್ತಿ ಓದಿ."

ಪೂರ್ತಿ ಓದಿದೆ. ಮಣಿಕಟ್ಟು, ಬೆರಳು ಸ್ವಲ್ಪವಾದರೂ ತಾವಾಗಿ ಎತ್ತಲು ಬರುವವರನ್ನು ಮಾತ್ರ ಆ ಪರೀಕ್ಷೆಗೆ ಸೇರಿಸಿದ್ದರು. ಪೂರ್ತಿ ಬಿದ್ದುಹೋದ ಕೈಗೆ ಇದು ಉತ್ತರ ಅಲ್ಲ. ಬೇಗ ಮಾಡಿದಷ್ಟೂ, ಹೆಚ್ಚು ಮಾಡಿದಷ್ಟೂ ಒಳ್ಳೆಯದು ಅನ್ನುವುದೂ ನಿಜ ಅಲ್ಲ. 2009ರಲ್ಲಿ ಅಲೆಕ್ಸಾಂಡರ್ ಡ್ರೊಮೆರಿಕ್ ತಂಡ ಸ್ಟ್ರೋಕ್ ಆದ ಹೊಸತರಲ್ಲೇ 52 ಜನರ ಮೇಲೆ ಇದನ್ನು ನೋಡಿತು. ಹೆಚ್ಚು ತೀವ್ರವಾಗಿ ಮಾಡಿಸಿದವರ ಕೈ ಮೂರು ತಿಂಗಳಲ್ಲಿ ಕಡಿಮೆ ಸುಧಾರಿಸಿತ್ತು. ಈಗಷ್ಟೇ ಗಾಯವಾದ ಮಿದುಳಿಗೂ ಒಂದು ಮಿತಿ ಇದೆ.

ನನ್ನನ್ನು ಹೆಚ್ಚು ಕಾಡಿದ್ದು ನಮ್ಮ ದೇಶದ್ದೇ ಒಂದು ಅಧ್ಯಯನ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಭಾರತದ 14 ಆಸ್ಪತ್ರೆಗಳು, 1250 ಜನ ಸ್ಟ್ರೋಕ್ ರೋಗಿಗಳು. ಫಿಸಿಯೋಥೆರಪಿಸ್ಟ್ ಸಿಗದ ಊರುಗಳೇ ಹೆಚ್ಚು ಇರುವಾಗ ಮನೆಯವರಿಗೇ ತರಬೇತಿ ಕೊಟ್ಟು ಅವರಿಂದಲೇ ಮಾಡಿಸಿದರೆ ಹೇಗೆ ಅನ್ನುವ ಪ್ರಶ್ನೆ. ಎಷ್ಟು ಒಳ್ಳೆಯ ಯೋಚನೆ! ಆರು ತಿಂಗಳ ಮೇಲೆ ನೋಡಿದರೆ, ತರಬೇತಿ ಪಡೆದ ಮನೆಗಳಲ್ಲಿ ಶೇ. 47 ರೋಗಿಗಳು ತೀರಿಕೊಂಡಿದ್ದರು ಇಲ್ಲವೇ ಇನ್ನೊಬ್ಬರ ಆಸರೆಯಲ್ಲಿದ್ದರು. ತರಬೇತಿ ಇಲ್ಲದ ಮನೆಗಳಲ್ಲೂ ಶೇ. 47. ವ್ಯತ್ಯಾಸವೇ ಇಲ್ಲ.

ಆ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದವರ ಬಗ್ಗೆ ನನಗೆ ಗೌರವ ಇದೆ. ಮನೆಯವರ ಪ್ರೀತಿ ಸಾಕು ಅಂತ ಹೇಳಿದ್ದರೆ ಸರ್ಕಾರಕ್ಕೂ ಖುಷಿ, ನಮಗೂ ಖುಷಿ. ಆದರೆ ಪ್ರೀತಿಗೆ ತಾನು ಯಾವಾಗ ಕೈ ಹಿಂದಕ್ಕೆ ತಗೋಬೇಕು ಅನ್ನುವುದು ಗೊತ್ತಿರುವುದಿಲ್ಲ. ಅದನ್ನು ಹೊರಗಿನವರೊಬ್ಬರು ಬಂದು, ಮುಟ್ಟಿ ನೋಡಿ, ಮೆಟ್ಟಿಲು ಕಟ್ಟಿಕೊಟ್ಟು ಹೇಳಬೇಕು.

ಆ ಹುಡುಗಿ ಹೇಳಿದಳು. ದಿನಕ್ಕೆ ಆರು ಗಂಟೆ ನಮ್ಮಲ್ಲಿ ಆಗುವ ಮಾತಲ್ಲ. ಸ್ಟೀಫನ್ ಪೇಜ್ ಎಂಬ ಸಂಶೋಧಕ ಇದನ್ನೇ ತೆಳ್ಳಗೆ ಮಾಡಿದ್ದಾರೆ: ವಾರಕ್ಕೆ ಮೂರು ದಿನ ಅರ್ಧ ಗಂಟೆ ಚಿಕಿತ್ಸೆ, ವಾರದ ಐದು ದಿನ ದಿನಕ್ಕೆ ಐದು ಗಂಟೆ ಒಳ್ಳೆಯ ಕೈಗೆ ಕಟ್ಟು, ಹತ್ತು ವಾರ. ನಾವು ಅದನ್ನು ಹಿಡಿದೆವು. ಅಪ್ಪನ ಎಡಗೈಗೆ ನನ್ನ ಹಳೆಯ ಉಣ್ಣೆಯ ಸಾಕ್ಸ್ ಹಾಕಿದಳು. ಅಮ್ಮನ ಕೈಯಿಂದ ಮಾತು ತಗೊಂಡಳು, ಆ ಐದು ಗಂಟೆ ಅವರಿಗೆ ಏನೂ ಮಾಡಿಕೊಡೋ ಹಾಗಿಲ್ಲ ಅಂತ.

ಮೊದಲ ವಾರ ನರಕ. ಅಪ್ಪ ಲೋಟ ಬೀಳಿಸುತ್ತಿದ್ದರು, ಬೈಯುತ್ತಿದ್ದರು, ಸಾಕ್ಸ್ ಕಿತ್ತು ಎಸೆಯುತ್ತಿದ್ದರು. ಅಮ್ಮ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿರುತ್ತಿದ್ದರು. ಐವತ್ತು ವರ್ಷ ಗಂಡ ಕೇಳುವ ಮುಂಚೆ ನೀರು ಕೊಟ್ಟವರಿಗೆ ಕೊಡದೆ ನಿಲ್ಲುವುದು ಎಷ್ಟು ಕಷ್ಟ ಅಂತ ಯಾವ ಪೇಪರಿನಲ್ಲೂ ಅಳೆದಿಲ್ಲ. ಬಟ್ಟಲಿನ ಅವರೆಕಾಳನ್ನು ಒಂದೊಂದೇ ಇನ್ನೊಂದು ಬಟ್ಟಲಿಗೆ ಹಾಕೋದು ಅಪ್ಪನ ಮನೆಗೆಲಸ. ಮೊದಲ ದಿನ ಐದು ನಿಮಿಷಕ್ಕೆ ನಾಲ್ಕು ಕಾಳು. ಅಕ್ಕ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದಳು. ನಾಲ್ಕು, ಐದು, ಐದು, ಏಳು. ಆರನೇ ವಾರದಲ್ಲಿ ಮೂವತ್ತು ದಾಟಿತು. ಅವತ್ತು ಅಪ್ಪ ಫೋನ್ ಮಾಡಿ ಮಾತಾಡಿದ್ದು ಬರೀ ಅವರೆಕಾಳಿನ ಲೆಕ್ಕ.

ಆ ಹೊತ್ತಿನಲ್ಲೇ ಒಂದು ಭಾನುವಾರ ಅವರಿಗೆ ಈ ಕಥೆ ಹೇಳಿದೆ. ಟಾಬ್, ಕೋತಿ, ಕಟ್ಟಿದ ಕೈ, ಕೋರ್ಟು ಎಲ್ಲ. ಅಪ್ಪ ಕಾಳು ಎತ್ತುತ್ತಲೇ ಕೇಳಿದರು. ಮುಗಿದ ಮೇಲೆ ಅವರು ಕೇಳಿದ್ದು ಒಂದೇ.

"ಆ ಕೋತಿಗಳು ಏನಾದ್ವೋ?"

"ಸತ್ತೋದ್ವು ಅಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಾಕ್ಸ್ ಹಾಕಿದ ಎಡಗೈಯನ್ನು ಒಮ್ಮೆ ನೋಡಿಕೊಂಡರು. "ನಂಗಾದ್ರೆ ಯಾಕೆ ಕಟ್ಟಿದಾರೆ ಅಂತ ಹೇಳೋಕೆ ಆ ಹುಡ್ಗಿ ಇದಾಳೆ. ಅವಕ್ಕೆ ಯಾರೂ ಹೇಳಿರಲ್ಲ," ಅಂದರು. ಮತ್ತೆ ಕಾಳಿಗೆ ಕೈ ಹಾಕಿದರು.

ಅಪ್ಪನ ಕೈ ಮೊದಲಿನಂತೆ ಆಗಿದೆ ಅಂತ ಬರೆದರೆ ಸುಳ್ಳಾಗುತ್ತೆ. ಹಾಲು ಕರೆಯೋಕೆ ಈಗಲೂ ಆಗಲ್ಲ, ಆ ಹಿಡಿತ ಬಂದಿಲ್ಲ. ಅಂಗಿಯ ಮೇಲಿನ ಗುಂಡಿ ಅಮ್ಮನೇ ಹಾಕಬೇಕು. ಆದರೆ ಬೀಗ ತೆಗೆಯುತ್ತಾರೆ. ಎಲೆಗೆ ಸುಣ್ಣ ತಾವೇ ಹಚ್ಚಿಕೊಳ್ಳುತ್ತಾರೆ, ಸ್ವಲ್ಪ ಜಾಸ್ತಿಯೇ ಬೀಳುತ್ತೆ. ನಾನು ತಂದುಕೊಟ್ಟ ಅಂಟುಪಟ್ಟಿ ಅಂಗಿಗಳನ್ನು ಅಮ್ಮ ಯಾರಿಗೋ ಕೊಟ್ಟುಬಿಟ್ಟಿದ್ದಾರೆ.

ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆಗೆ ಎರಡು ವರ್ಷದ ನಂತರ ಅಪ್ಪ ಪಂಕ್ತಿಯಲ್ಲಿ ಕೂತರು. ನಾನು ಪಕ್ಕದಲ್ಲೇ ಇದ್ದೆ. ಬಲಗೈಯ ಮೂರು ಬೆರಳಲ್ಲಿ ಅನ್ನ ಕಲಸಿ ಎತ್ತುವಾಗ ಅರ್ಧ ಎಲೆಗೇ ಬೀಳುತ್ತಿತ್ತು. ನನ್ನ ಕೈ ತಾನಾಗಿ ಅವರ ಎಲೆಯ ಕಡೆ ಹೋಯಿತು.

ವಾಪಸ್ ತಗೊಂಡೆ. ಅಪ್ಪ ಊಟ ಮುಗಿಸುವ ಹೊತ್ತಿಗೆ ಪಂಕ್ತಿಯವರೆಲ್ಲ ಎದ್ದುಹೋಗಿದ್ದರು. ನಾವಿಬ್ಬರೂ ಕೂತೇ ಇದ್ದೆವು.